ಯೊರುಬಾ ನಾಡಿಗೆ ಹೊರಡುವ ಮುನ್ನ: ಲಾಗೋಸ್‌ನಿಂದ ಇದಾನ್ರೆ ಬೆಟ್ಟದವರೆಗೆ ಒಂದು ಸುತ್ತು

ನೈಜೀರಿಯಾದ ಯೊರುಬಾ ನಾಡು ನೋಡಬೇಕು, ಎಲ್ಲಿಂದ ಶುರು ಮಾಡುವುದು, ಎಷ್ಟು ದಿನ ಬೇಕು, ಅಪಾಯವೇನಾದರೂ ಇದೆಯೇ? ಕೆಲಸದ ಮೇಲೆ ಲಾಗೋಸ್‌ಗೆ ಹೋಗುವವರೂ ಪ್ರವಾಸಕ್ಕೆಂದೇ ಹೊರಡುವವರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅದಕ್ಕಾಗಿ ಎಲ್ಲವನ್ನೂ ಒಂದೆಡೆ ಬರೆದಿದ್ದೇವೆ.

ಯೊರುಬಾ ನಾಡೆಂದರೆ ಮುಖ್ಯವಾಗಿ ನೈಜೀರಿಯಾದ ನೈಋತ್ಯ ಮೂಲೆಯ ಆರು ರಾಜ್ಯಗಳು: ಲಾಗೋಸ್, ಓಗುನ್, ಓಯೊ, ಒಶುನ್, ಒಂಡೊ, ಎಕಿಟಿ. ಯೊರುಬಾ ಜನ ಪಕ್ಕದ ಬೆನಿನ್ ಮತ್ತು ಟೋಗೊ ದೇಶಗಳಲ್ಲೂ ಇದ್ದಾರೆ, ಆದರೆ ಮೊದಲ ಸಲಕ್ಕೆ ಈ ಆರು ರಾಜ್ಯಗಳೇ ಸಾಕು. ಇಲ್ಲಿಯ ಬಹುತೇಕ ತಾಣಗಳಲ್ಲಿ ಇಂದಿಗೂ ಪೂಜೆ ನಡೆಯುತ್ತದೆ, ಅರಮನೆಗಳಲ್ಲಿ ರಾಜರು ವಾಸವಿದ್ದಾರೆ. ಹಾಗಾಗಿ ಟಿಕೆಟ್ ಕೊಂಡ ಮಾತ್ರಕ್ಕೆ ಎಲ್ಲ ಬಾಗಿಲೂ ತೆರೆಯುವುದಿಲ್ಲ. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬುದು ತಿಳಿದಿದ್ದರೆ ಅರ್ಧ ಪ್ರವಾಸ ಗೆದ್ದಂತೆ.

1. ಕಾಲ ಮತ್ತು ದಿನಗಳ ಲೆಕ್ಕ

ನವೆಂಬರ್‌ನಿಂದ ಮಾರ್ಚ್‌ವರೆಗೆ ಒಣ ಕಾಲ. ರಸ್ತೆ, ಬೆಟ್ಟ, ಮೆಟ್ಟಿಲು ಎಲ್ಲಕ್ಕೂ ಇದು ಒಳ್ಳೆಯದು. ಡಿಸೆಂಬರ್‌ನಿಂದ ಫೆಬ್ರವರಿ ನಡುವೆ ಸಹಾರಾ ಕಡೆಯಿಂದ ದೂಳು ಹೊತ್ತ ಒಣಗಾಳಿ ಬೀಸುತ್ತದೆ, ಅದನ್ನು ಹರ್ಮಟಾನ್ ಎನ್ನುತ್ತಾರೆ. ಆಗ ಬೆಟ್ಟದ ಮೇಲಿಂದ ದೂರದ ನೋಟ ಕಾಣುವುದಿಲ್ಲ, ತುಟಿ ಒಡೆಯುತ್ತದೆ, ಕೆಲವೊಮ್ಮೆ ವಿಮಾನಗಳೂ ತಡವಾಗುತ್ತವೆ. ಫೋಟೊ ತೆಗೆಯುವುದೇ ಮುಖ್ಯವಾದರೆ ನವೆಂಬರ್ ಆರಿಸಿಕೊಳ್ಳಿ.

ಮಳೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ. ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಕೆಲವು ವಾರ ಮಳೆ ತುಸು ಬಿಡುವು ಕೊಡುತ್ತದೆ, ಒಶೊಗ್ಬೊ ಊರಿನ ದೊಡ್ಡ ಜಾತ್ರೆ ಬರುವುದೂ ಆಗಲೇ. ಜಲಪಾತ ತುಂಬಿರಬೇಕು ಎನ್ನುವವರಿಗೆ ಮಳೆಗಾಲದ ಕೊನೆ ಚೆನ್ನ, ಆದರೆ ಬಂಡೆಗಳು ಜಾರುತ್ತವೆ.

ಕೆಳಗೆ ಹೇಳುವ ಸುತ್ತಿಗೆ ಹತ್ತು ದಿನ ಬೇಕು. ಲಾಗೋಸ್ 2, ಅಬೆಯೊಕುಟಾ 1, ಇಬಾದಾನ್ 1, ಒಶೊಗ್ಬೊ 2, ಇಲೆ-ಇಫೆ 1, ದಾರಿಯಲ್ಲಿ ಎರಿನ್ ಇಜೆಶಾ ಜಲಪಾತಕ್ಕೆ ಅರ್ಧ ದಿನ, ಇದಾನ್ರೆ ಒಂದೂವರೆ, ವಾಪಸಾಗಲು 1. ಎಂಟು ದಿನವಷ್ಟೇ ಇದ್ದರೆ ಇಬಾದಾನ್ ಮತ್ತು ಅಬೆಯೊಕುಟಾ ಬಿಡಿ. ಒಶೊಗ್ಬೊ ಮತ್ತು ಇಫೆಯನ್ನು ಮಾತ್ರ ಬಿಡಬೇಡಿ. ಲಾಗೋಸ್‌ನಲ್ಲಿ ಕಟ್ಟಡ ನೋಡುತ್ತಾ ಐದು ದಿನ ಕಳೆದು, ಒಳನಾಡಿಗೆ ಎರಡೇ ದಿನ ಉಳಿಸಿಕೊಳ್ಳುವುದು ಬಹಳ ಮಂದಿ ಮಾಡುವ ತಪ್ಪು.

2. ಕಾಗದಪತ್ರ ಮತ್ತು ಲಸಿಕೆ

ಇದನ್ನು ಹೊರಡುವ ಆರು ವಾರ ಮೊದಲೇ ಶುರು ಮಾಡಿ.

ಭಾರತದ ಪಾಸ್‌ಪೋರ್ಟ್‌ಗೆ ವೀಸಾ ಬೇಕು. ನೈಜೀರಿಯಾ 2025ರಲ್ಲಿ ಇ-ವೀಸಾ ಆರಂಭಿಸಿದೆ. ಅರ್ಜಿಯನ್ನು ಆ ದೇಶದ ವಲಸೆ ಇಲಾಖೆಯ ಅಧಿಕೃತ ತಾಣದಲ್ಲೇ ಹಾಕಿ, ಮಧ್ಯವರ್ತಿಗಳ ನಕಲಿ ತಾಣಗಳು ಬಹಳ ಇವೆ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಆಗಮನ ಮತ್ತು ನಿರ್ಗಮನದ ಚೀಟಿಗಳನ್ನೂ ಈಗ ಆನ್‌ಲೈನ್‌ನಲ್ಲೇ ತುಂಬಿಸಬೇಕು, ಅದರ ಪ್ರತಿಯನ್ನು ಮುದ್ರಿಸಿ ಇಟ್ಟುಕೊಳ್ಳಿ.

ಹಳದಿ ಜ್ವರದ ಲಸಿಕೆ ಕಡ್ಡಾಯ. ಇದನ್ನು ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಷ್ಟೇ ಹಾಕುತ್ತಾರೆ, ಬೆಂಗಳೂರಿನಲ್ಲೂ ಅಂಥ ಕೇಂದ್ರಗಳಿವೆ. ಪಾಳಿ ಇರುತ್ತದೆ, ಮೊದಲೇ ದಿನ ಗೊತ್ತು ಮಾಡಿಕೊಳ್ಳಿ. ಪ್ರಮಾಣಪತ್ರ ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವೇ ಸಿಂಧು, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಎಡವುವುದು ಹೋಗುವಾಗಲ್ಲ, ಬರುವಾಗ. ಪ್ರಮಾಣಪತ್ರವಿಲ್ಲದೆ ನೈಜೀರಿಯಾದಿಂದ ಭಾರತಕ್ಕೆ ಮರಳಿದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಪಾಸ್‌ಪೋರ್ಟ್ ಸಂಖ್ಯೆ, ಹೆಸರಿನ ಕಾಗುಣಿತ ಹೊಂದುತ್ತದೆಯೇ ಎಂದು ಕೇಂದ್ರದಲ್ಲೇ ನೋಡಿ. ಇದು ಜೀವಂತ ವೈರಾಣುವಿನ ಲಸಿಕೆ. ಮೊಟ್ಟೆಯ ಅಲರ್ಜಿ ಇರುವವರು, ಗರ್ಭಿಣಿಯರು, 60 ದಾಟಿದವರು ಮೊದಲು ವೈದ್ಯರನ್ನು ಕೇಳಿ.

ಮಲೇರಿಯಾಕ್ಕೆ ಲಸಿಕೆಯ ಬದಲು ಮಾತ್ರೆ. ಡಾಕ್ಸಿಸೈಕ್ಲಿನ್ ಆದರೆ ಪ್ರಯಾಣಕ್ಕೆ ಒಂದೆರಡು ದಿನ ಮೊದಲು ಶುರು ಮಾಡಿ, ಮರಳಿದ ಮೇಲೂ 4 ವಾರ ನುಂಗಬೇಕು. ಅಟೊವಕ್ವೋನ್–ಪ್ರೊಗ್ವಾನಿಲ್ ಆದರೆ ಮರಳಿದ ಮೇಲೆ 7 ದಿನ ಸಾಕು. ಊರಿಗೆ ಬಂದೆವಲ್ಲ ಎಂದು ಮಾತ್ರೆ ನಿಲ್ಲಿಸಿಬಿಡುವವರಿಗೇ ಜ್ವರ ಬರುವುದು.

ಬೆಂಗಳೂರಿನಿಂದ ಅಡಿಸ್ ಅಬಾಬಾ, ದುಬೈ ಅಥವಾ ದೋಹಾ ಮೂಲಕ ಒಂದು ಬದಲಾವಣೆಯಲ್ಲಿ ಲಾಗೋಸ್ ತಲುಪಬಹುದು. ಗಡಿಯಾರ ನಾಲ್ಕೂವರೆ ಗಂಟೆ ಹಿಂದಕ್ಕೆ ತಿರುಗಿಸಿ. ಹಗಲು ಇಳಿಯುವ ವಿಮಾನವನ್ನೇ ನೋಡಿ.

3. ಹಣ, ಫೋನು, ಪ್ಲಗ್ಗು

ನಾಣ್ಯ ನೈರಾ. ಅತಿ ದೊಡ್ಡ ನೋಟು 1000 ನೈರಾದ್ದು, ಅದಕ್ಕೆ ಬೆಲೆ ತೀರಾ ಕಡಿಮೆ. ಒಂದು ದಿನದ ಖರ್ಚಿಗೇ ದಪ್ಪ ಕಟ್ಟು ಬೇಕಾಗುತ್ತದೆ. ರೂಪಾಯಿ ಅಲ್ಲಿ ಬದಲಾಗುವುದಿಲ್ಲ. ಅಮೆರಿಕನ್ ಡಾಲರ್ ಒಯ್ಯಿರಿ. 100ರ ನೋಟುಗಳು ಹೊಸವಾಗಿರಲಿ, ಮಡಿಕೆ, ಶಾಯಿ ಗುರುತು ಇದ್ದರೆ ದರ ಇಳಿಸುತ್ತಾರೆ ಅಥವಾ ಬೇಡ ಎನ್ನುತ್ತಾರೆ. ಬೀದಿ ಬೀದಿಯಲ್ಲಿ ಕೊಡೆಯ ಕೆಳಗೆ ಕಾರ್ಡ್ ಯಂತ್ರ ಇಟ್ಟುಕೊಂಡು ಕುಳಿತವರಿಂದ ಸಣ್ಣ ಕಮಿಷನ್ ಕೊಟ್ಟು ನಗದು ಪಡೆಯಬಹುದು, ಆದರೆ ವಿದೇಶಿ ಕಾರ್ಡ್ ಎಲ್ಲ ಯಂತ್ರಗಳಲ್ಲೂ ನಡೆಯದು. ತಾಣಗಳ ಬಾಗಿಲಲ್ಲಿ ನಗದೇ ಗತಿ.

ಸಿಮ್‌ಗೆ ಪಾಸ್‌ಪೋರ್ಟ್ ತೋರಿಸಿ, ಬೆರಳಚ್ಚು ಕೊಡಬೇಕು. ಎಂಟಿಎನ್ ಮತ್ತು ನಮಗೆ ಪರಿಚಿತವಾದ ಏರ್‌ಟೆಲ್ ಎರಡೂ ಇವೆ. ವಿಮಾನ ನಿಲ್ದಾಣದಲ್ಲೇ ಮುಗಿಸಿ, ಊರೊಳಗಿನ ಅಂಗಡಿಯಲ್ಲಿ ಅರ್ಧ ದಿನ ಹೋಗುತ್ತದೆ. ವಿದ್ಯುತ್ತು 230 ವೋಲ್ಟ್, ಆದರೆ ಸಾಕೆಟ್ ಹೆಚ್ಚಾಗಿ ಚಪ್ಪಟೆ ಮೂರು ಕಡ್ಡಿಯ ಬ್ರಿಟಿಷ್ ಮಾದರಿಯದು, ಅಡಾಪ್ಟರ್ ಬೇಕು. ಕರೆಂಟು ಹೋಗುವುದು ಅಲ್ಲಿ ಸುದ್ದಿಯೇ ಅಲ್ಲ. ಕೋಣೆ ಗೊತ್ತು ಮಾಡುವಾಗ ಜನರೇಟರ್ ರಾತ್ರಿ ಎಷ್ಟು ಹೊತ್ತು ನಡೆಸುತ್ತಾರೆ ಎಂದು ಕೇಳಿ.

4. ಓಡಾಟ: ಹಗಲು ಮಾತ್ರ

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದು: ಕತ್ತಲಾದ ಮೇಲೆ ಊರಿಂದೂರಿಗೆ ಹೋಗಬೇಡಿ. ಹೆದ್ದಾರಿಗಳಲ್ಲಿ ಒತ್ತೆಹಣಕ್ಕಾಗಿ ಅಪಹರಣ ನಡೆದದ್ದುಂಟು, ಅದಕ್ಕಿಂತ ಹೆಚ್ಚಾಗಿ ಗುಂಡಿ ಬಿದ್ದ ರಸ್ತೆ ಮತ್ತು ದೀಪವಿಲ್ಲದೆ ನಿಂತ ಲಾರಿಗಳಿವೆ. ಬೆಳಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 3ರೊಳಗೆ ಮುಂದಿನ ಊರು ಸೇರುವಂತೆ ಲೆಕ್ಕ ಹಾಕಿ. ನಕ್ಷೆ ಎರಡು ಗಂಟೆ ಎಂದರೆ ಮೂರೂವರೆ ಇಟ್ಟುಕೊಳ್ಳಿ. ಹೊರಡುವ ವಾರದಲ್ಲಿ ಭಾರತೀಯ ಹೈಕಮಿಷನ್‌ನ ಸೂಚನೆಗಳನ್ನೂ ನೋಡಿ.

ಇಬ್ಬರು ಮೂವರಿದ್ದರೆ ಚಾಲಕನ ಸಮೇತ ಕಾರು ಬಾಡಿಗೆಗೆ ಪಡೆಯುವುದೇ ಸರಿ. ಒಪ್ಪಂದಕ್ಕೆ ಮುನ್ನ ಮೂರು ಸಂಗತಿ ಬಾಯಿಬಿಟ್ಟು ಇತ್ಯರ್ಥ ಮಾಡಿಕೊಳ್ಳಿ: ಪೆಟ್ರೋಲ್ ಯಾರದು, ಚಾಲಕನ ಊಟ ಮತ್ತು ರಾತ್ರಿ ವಸತಿ ಯಾರದು, ಕಾರು ಕೆಟ್ಟರೆ ಬದಲಿ ಯಾರು ಕೊಡುತ್ತಾರೆ. ಮೂರನೆಯದನ್ನು ಕೇಳುವುದು ಮರೆತವರೇ ಹೆಚ್ಚು.

ಒಬ್ಬರೇ ಇದ್ದರೆ ಊರಿನ ಬಸ್ ನಿಲ್ದಾಣದಿಂದ, ಅದನ್ನು ಅಲ್ಲಿ ಮೋಟಾರ್ ಪಾರ್ಕ್ ಎನ್ನುತ್ತಾರೆ, ಹಂಚಿಕೆಯ ಕಾರು ಹಿಡಿಯಬಹುದು. ಸೀಟು ತುಂಬಿದ ಮೇಲೆಯೇ ಗಾಡಿ ಹೊರಡುತ್ತದೆ. ಲಾಗೋಸ್‌ನ ಹಳದಿ ಮಿನಿಬಸ್ಸುಗಳು ದನ್ಫೊ, ಮೂರು ಚಕ್ರದ ಆಟೊ ಕೆಕೆ, ಬಾಡಿಗೆ ಬೈಕು ಒಕಾಡಾ. ಕೆಕೆಗಳಲ್ಲಿ ಬಹಳಷ್ಟು ನಮ್ಮ ಬಜಾಜ್ ಗಾಡಿಗಳೇ. ಒಕಾಡಾ ಲಾಗೋಸ್‌ನ ಹೆಚ್ಚಿನ ಕಡೆ ನಿಷಿದ್ಧ, ಹತ್ತಲೇಬೇಡಿ. ಲಾಗೋಸ್ ಮತ್ತು ಇಬಾದಾನ್‌ನಲ್ಲಿ ಊಬರ್, ಬೋಲ್ಟ್ ಸಿಗುತ್ತವೆ.

ರೈಲು ಇದೆ, ಚೆನ್ನಾಗಿಯೂ ಇದೆ. 157 ಕಿ.ಮೀ.ನ ಲಾಗೋಸ್–ಇಬಾದಾನ್ ಮಾರ್ಗ 2021ರಲ್ಲಿ ಶುರುವಾಯಿತು, ಅಬೆಯೊಕುಟಾ ನಡುವಿನ ನಿಲ್ದಾಣ. ರಸ್ತೆಯ ಜಂಜಾಟಕ್ಕಿಂತ ಎಷ್ಟೋ ಮೇಲು. ಆದರೆ ದಿನಕ್ಕೆ ಕೆಲವೇ ಗಾಡಿಗಳು, ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ ಕೊಳ್ಳಬೇಕು, ನಿಲ್ದಾಣಗಳು ಊರಾಚೆ ಇವೆ. ಇಬಾದಾನ್‌ನ ನಿಲ್ದಾಣ ಮೊನಿಯಾದಲ್ಲಿ. ಅಲ್ಲಿಂದ ನಗರದೊಳಕ್ಕೆ ಬರಲು ಒಂದು ಗಂಟೆ ಇಟ್ಟುಕೊಳ್ಳಿ.

5. ಲಾಗೋಸ್, ಅಬೆಯೊಕುಟಾ, ಇಬಾದಾನ್

ಲಾಗೋಸ್‌ನಲ್ಲಿ ಮೊದಲ ದಿನ ಒನಿಕಾನ್ ಪ್ರದೇಶಕ್ಕೆ ಹೋಗಿ. ರಾಷ್ಟ್ರೀಯ ವಸ್ತುಸಂಗ್ರಹಾಲಯ ಮತ್ತು ಯೊರುಬಾ ಸಂಸ್ಕೃತಿಗೇ ಮೀಸಲಾದ ಜಾನ್ ರ‍್ಯಾಂಡಲ್ ಕೇಂದ್ರ ಎರಡೂ ಅಲ್ಲೇ ಅಕ್ಕಪಕ್ಕದಲ್ಲಿವೆ. ಒರಿಷಾ, ಅಂದರೆ ಯೊರುಬಾ ದೇವತೆಗಳು, ಯಾರು ಯಾರು ಎಂದು ಇಲ್ಲಿ ತಿಳಿದುಕೊಂಡರೆ ಮುಂದೆ ಕಾಣುವ ಶಿಲ್ಪಗಳಿಗೆ ಅರ್ಥ ಬರುತ್ತದೆ: ನದಿಯ ಒಶುನ್, ಕಬ್ಬಿಣದ ಒಗುನ್, ಸಿಡಿಲಿನ ಶಾಂಗೊ, ಬಿಳಿ ಬಟ್ಟೆಯ ಒಬಾಟಲಾ. ಎರಡನೆಯ ದಿನ ಲೆಕ್ಕಿಯ ನಿಕೆ ಕಲಾ ಗ್ಯಾಲರಿ, ಹತ್ತಿರದ ಸಂರಕ್ಷಣಾ ಕೇಂದ್ರದ 401 ಮೀಟರ್ ಉದ್ದದ ಮರದೆತ್ತರದ ತೂಗುಹಾದಿ.

ಅಬೆಯೊಕುಟಾದಲ್ಲಿ ನೋಡಬೇಕಾದ್ದು ಒಲುಮೊ ಬಂಡೆ, 137 ಮೀಟರ್ ಎತ್ತರ. ಯೊರುಬಾ ಅಂತರ್ಯುದ್ಧಗಳ ಕಾಲದಲ್ಲಿ ಎಗ್ಬಾ ಜನ 1830ರ ಸುಮಾರಿಗೆ ಇದರಡಿ ಆಶ್ರಯ ಪಡೆದರು. ಅಡಗುಗುಹೆಗಳಲ್ಲಿ ಕಾಳು ಅರೆದ ಕುಳಿಗಳು ಈಗಲೂ ಇವೆ. ಮೇಲಕ್ಕೆ ಲಿಫ್ಟ್ ಇದೆಯಾದರೂ ಅದನ್ನು ನಂಬಿ ವಯಸ್ಸಾದವರನ್ನು ಕರೆದೊಯ್ಯಬೇಡಿ, ಕೆಟ್ಟು ನಿಂತಿರುವುದು ಮಾಮೂಲು. ಬಂಡೆಯ ಸಂದಿನ ಗುಡಿಯ ಬಾಗಿಲು ತೆಗೆಯಲು ಕೇಳಬೇಡಿ.

ಪಕ್ಕದ ಇಟೊಕು ಮಾರುಕಟ್ಟೆ ಅದಿರೆ ಬಟ್ಟೆಗೆ ಹೆಸರುವಾಸಿ. ಅದಿರೆ ಎಂದರೆ ನೀಲಿಯಲ್ಲಿ ಅದ್ದಿ ಚಿತ್ತಾರ ಬಿಡಿಸಿದ ಬಟ್ಟೆ. ದಾರ ಕಟ್ಟಿ ಅದ್ದಿದ್ದು ಒನಿಕೊ, ಮರಗೆಣಸಿನ ಗಂಜಿಯಿಂದ ಚಿತ್ರ ಬರೆದು ಅದ್ದಿದ್ದು ಎಲೆಕೊ. ಯಂತ್ರದಲ್ಲಿ ಅಚ್ಚಾದ ಹೊರದೇಶದ ನಕಲು ಇಲ್ಲಿ ರಾಶಿ ರಾಶಿ. ಗುರುತಿಸುವುದು ಹೀಗೆ: ಹಿಂಬದಿ ನೋಡಿ, ಅದ್ದಿದ ಬಟ್ಟೆಯಲ್ಲಿ ಎರಡೂ ಬದಿ ಬಣ್ಣ ಇಳಿದಿರುತ್ತದೆ, ಅಚ್ಚಿನದರಲ್ಲಿ ಹಿಂಬದಿ ಮಂಕು. ಅದೇ ಚಿತ್ತಾರ ಗಜಗಟ್ಟಲೆ ಕೂದಲೆಳೆ ವ್ಯತ್ಯಾಸವಿಲ್ಲದೆ ಬಂದರೆ ಅದು ಯಂತ್ರದ್ದು. ಒದ್ದೆ ಬಿಳಿ ಕರವಸ್ತ್ರದಿಂದ ಉಜ್ಜಿದರೆ ನಿಜವಾದ ನೀಲಿ ತುಸು ಅಂಟುತ್ತದೆ. ಮನೆಗೆ ತಂದ ಮೇಲೆ ಮೊದಲ ಕೆಲವು ಸಲ ಬೇರೆಯಾಗಿಯೇ ಒಗೆಯಿರಿ.

ಇಬಾದಾನ್‌ಗೆ ಒಂದು ದಿನ ಸಾಕು. ಗುಡ್ಡದ ಮೇಲಿನ ಮಾಪೊ ಹಾಲ್ (1929), ಕೋಕೊ ಬೆಳೆಯ ಹಣದಲ್ಲಿ 1965ರಲ್ಲಿ ಎದ್ದ ಕೋಕೊ ಹೌಸ್. ಮಾಪೊ ಗುಡ್ಡದಿಂದ ಕಾಣುವ ತುಕ್ಕು ಬಣ್ಣದ ತಗಡಿನ ಮಾಡುಗಳ ಸಾಲು ನೋಡಲಿಕ್ಕೇ ಹೋಗಬೇಕು. ಮತ್ತೆ ಊಟ, ಅದರ ಬಗ್ಗೆ ಕೆಳಗೆ.

6. ಒಶೊಗ್ಬೊ ದೇವರಕಾಡು

ಇಲ್ಲಿಗೆ ಎರಡು ದಿನ ಕೊಡಿ ಎಂದು ಹೇಳಿದ್ದಕ್ಕೆ ಕಾರಣವಿದೆ. ಒಶುನ್ ನದಿಯ ದಂಡೆಯ ಈ 75 ಹೆಕ್ಟೇರ್ ಕಾಡು 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಯೊರುಬಾ ಊರುಗಳಿಗೆಲ್ಲ ಹಿಂದೆ ಇಂಥ ಕಾಡುಗಳಿದ್ದವು, ಉಳಿದು ನಿಂತ ಕೆಲವೇ ಕಾಡುಗಳಲ್ಲಿ ಇದು ದೊಡ್ಡದು. ಉಳಿಯಲು ದೊಡ್ಡ ಕಾರಣ ಆಸ್ಟ್ರಿಯಾದ ಕಲಾವಿದೆ ಸುಸಾನ್ ವೆಂಗರ್. 1950ರಲ್ಲಿ ನೈಜೀರಿಯಾಕ್ಕೆ ಬಂದ ಅವರು ಒರಿಷಾ ಪಂಥಕ್ಕೆ ಸೇರಿ ಅರ್ಚಕಿಯಾದರು, ಕಾಡು ಕಡಿಯುವವರ ಎದುರು ನಿಂತರು, ಅದೆಬಿಸಿ ಅಕಾಂಜಿ ಮುಂತಾದ ಸ್ಥಳೀಯ ಶಿಲ್ಪಿಗಳ ಜೊತೆ ಗಾರೆ, ಸಿಮೆಂಟು, ಮರದಲ್ಲಿ ಶಿಲ್ಪಗಳನ್ನೂ ಗುಡಿಗಳನ್ನೂ ಎತ್ತಿದರು. 2009ರಲ್ಲಿ ತೀರಿಕೊಳ್ಳುವವರೆಗೂ ಅವರ ಬದುಕು ಇಲ್ಲೇ.

ನೋಡುವ ಕ್ರಮ ಹೀಗಿರಲಿ.

ಮೊದಲ ದಿನ ಬೆಳಗ್ಗೆ ಬೇಗ ಹೋಗಿ. ಬಾಗಿಲಲ್ಲಿ ಟಿಕೆಟ್ ಕೊಂಡು ರಸೀದಿ ಕೇಳಿ. ಕ್ಯಾಮೆರಾಕ್ಕೆ ಬೇರೆ ಶುಲ್ಕ, ವಿಡಿಯೊಗೆ ಇನ್ನೂ ಹೆಚ್ಚು. ವಿಡಿಯೊ ಎಂದರೆ ಫೋನಿನದೂ ಸೇರುತ್ತದೆಯೇ ಎಂದು ಅಲ್ಲೇ ಕೇಳಿ, ಒಳಗೆ ಹೋದ ಮೇಲೆ ವಾದ ಮಾಡುವುದು ಬೇಡ. ಅಧಿಕೃತ ಮಾರ್ಗದರ್ಶಿಯನ್ನು ಬಾಗಿಲಲ್ಲೇ ಪಡೆಯಿರಿ, ಮೊತ್ತ ಮೊದಲೇ ಮಾತಾಡಿ.

ಒಳಗೆ ನದಿಯಂಚಿನ ಒಶುನ್ ಗುಡಿ, ತೂಗುಸೇತುವೆ, ಕಾಡಿನ ನಡುವಿನ ಎತ್ತರದ ಶಿಲ್ಪಗಳು ಎಲ್ಲಕ್ಕೂ ಎರಡರಿಂದ ಮೂರು ಗಂಟೆ ನಡಿಗೆ. ಉದ್ದ ತೋಳಿನ ಬಟ್ಟೆ, ಸೊಳ್ಳೆ ಮುಲಾಮು, ಜಾರದ ಚಪ್ಪಲಿ. ಶಿಲ್ಪಗಳನ್ನು ಮುಟ್ಟಬೇಡಿ, ಒರಗಬೇಡಿ, ಮಳೆಗೆ ಗಾರೆ ಸಡಿಲವಾಗಿರುತ್ತದೆ. ಎಲೆ, ಕಲ್ಲು, ಮೀನು ಏನನ್ನೂ ತೆಗೆಯುವಂತಿಲ್ಲ. ಕೆಲವು ಗುಡಿಗಳೊಳಗೆ ಪಂಥದವರಿಗಷ್ಟೇ ಪ್ರವೇಶ, ಮಾರ್ಗದರ್ಶಿ ತಲೆಯಾಡಿಸಿದರೆ ಅಲ್ಲಿಗೇ ಬಿಡಿ.

ನದಿಯ ನೀರು ತೀರ್ಥವೆಂದು ಭಕ್ತರು ಬಾಟಲಿಯಲ್ಲಿ ತುಂಬಿಕೊಳ್ಳುವುದು ಕಾಣುತ್ತದೆ. ನೀವು ಕುಡಿಯಬೇಡಿ. ಮೇಲಿನ ಕಡೆ ಚಿನ್ನದ ಗಣಿಗಾರಿಕೆಯಿಂದ ನೀರು ಕೆಂಪು ಕೆಸರಾಗಿದೆ, ಕುಡಿಯಬಾರದೆಂದು ರಾಜ್ಯ ಸರ್ಕಾರವೇ ಎಚ್ಚರಿಸಿದೆ. ಯಾರಾದರೂ ಪ್ರಸಾದವೆಂದು ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಂಡು ತಲೆಗೆ ಚಿಮುಕಿಸಿಕೊಳ್ಳಿ, ಯಾರಿಗೂ ಬೇಸರವಾಗದು.

ಎರಡನೆಯ ದಿನ ಇಬೊಕುನ್ ರಸ್ತೆಯಲ್ಲಿರುವ ವೆಂಗರ್ ಅವರ ಮನೆ. ಬ್ರೆಜಿಲ್‌ನಿಂದ ಮರಳಿದ ಯೊರುಬರು ತಂದ ಶೈಲಿಯ ಮಹಡಿ ಮನೆ ಅದು. ಇಲ್ಲಿಗೆ ಮೊದಲೇ ಹೇಳಿ ಹೋಗಬೇಕು.

ಆಗಸ್ಟ್‌ನ ಜಾತ್ರೆ ಸುಮಾರು ಹನ್ನೆರಡು ದಿನ. ದಾರಿ ಶುದ್ಧಿ, ಹದಿನಾರು ಬತ್ತಿಯ ದೀಪ ಹಚ್ಚುವ ರಾತ್ರಿ, ಹಿಂದಿನ ರಾಜರ ಕಿರೀಟಗಳ ಪೂಜೆ ಒಂದೊಂದಾಗಿ ನಡೆದು, ಕೊನೆಯ ದಿನ ಅರುಗ್ಬಾ ಎಂಬ ಕನ್ಯೆ ನೈವೇದ್ಯದ ಸೋರೆಬುರುಡೆ ಹೊತ್ತು ಅರಮನೆಯಿಂದ ನದಿಗೆ ನಡೆಯುತ್ತಾಳೆ. ಕೊನೆಯ ದಿನಕ್ಕೆ ಲಕ್ಷಗಟ್ಟಲೆ ಜನ. ಕೋಣೆ ಮೂರು ತಿಂಗಳ ಮೊದಲೇ ಹಿಡಿಯಬೇಕು, ಫೋನು ಮುಂಜೇಬಿನಲ್ಲಿರಬೇಕು, ಅರುಗ್ಬಾ ಸಾಗುವ ದಾರಿಗೆ ಅಡ್ಡ ಹೋಗಬಾರದು. ಅವಳು ಎಡವುವುದು ಅಪಶಕುನ, ಸುತ್ತಲಿನ ಕಾವಲಿನವರು ಕೋಲು ಬೀಸಲು ಹಿಂದೆಮುಂದೆ ನೋಡುವುದಿಲ್ಲ. ನಿಜ ಹೇಳಬೇಕೆಂದರೆ ಕಾಡು ನೋಡಬೇಕೆನ್ನುವವರು ಜಾತ್ರೆಗೆ ಹೋಗಬಾರದು. ದೀಪದ ರಾತ್ರಿ ಮಾತ್ರ ನೂಕುನುಗ್ಗಲಿಗೆ ತಕ್ಕ ಬೆಲೆಯುಳ್ಳದ್ದು.

7. ಇಲೆ-ಇಫೆ

ಒಶೊಗ್ಬೊದಿಂದ ಐವತ್ತು ಕಿ.ಮೀ.ಗಿಂತ ಒಳಗೆ. ಭೂಮಿ ಸೃಷ್ಟಿಯಾದದ್ದೇ ಇಲ್ಲಿ ಎಂದು ಯೊರುಬರ ನಂಬಿಕೆ. ಇಲ್ಲಿಯ ರಾಜ ಓನಿ ಅವರಿಗೆ ಎಲ್ಲ ಯೊರುಬಾ ರಾಜರ ನಡುವೆ ವಿಶೇಷ ಸ್ಥಾನ. 1938ರಲ್ಲಿ ಅರಮನೆಯ ಬಳಿ ಮನೆಗೆ ಪಾಯ ತೋಡುವಾಗ ತಾಮ್ರ–ಹಿತ್ತಾಳೆಯ ಎರಕದ ತಲೆಗಳು ಸಿಕ್ಕವು. ಮುಖದ ಗೀರು, ಕಿವಿಯ ತಿರುವು ಎಲ್ಲವೂ ಜೀವಂತ ಎನ್ನುವಂತಿವೆ. ಆಫ್ರಿಕನ್ನರು ಇಂಥದ್ದು ಮಾಡಿರಲಾರರು ಎಂದು ಯುರೋಪಿನವರು ವಾದಿಸುತ್ತಿದ್ದುದು ಆಮೇಲೆ ನಿಂತಿತು. ನೈಜೀರಿಯಾದಲ್ಲೇ ಇರುವ ಬೆನಿನ್ ನಗರದ ಎರಕದ ಫಲಕಗಳೊಂದಿಗೆ ಇವನ್ನು ಬೆರೆಸಬೇಡಿ, ಅದು ಎಡೊ ಜನರದು.

ಬೆಳಗ್ಗೆ ಅರಮನೆ ಅಂಗಳ, ಪಕ್ಕದಲ್ಲೇ ವಸ್ತುಸಂಗ್ರಹಾಲಯ, ಮಧ್ಯಾಹ್ನ ಒರಾನ್ಮಿಯಾನ್ ಕಂಬ: ಸುಮಾರು ಐದೂವರೆ ಮೀಟರ್ ಎತ್ತರದ ಕಲ್ಲು, ಮೈಮೇಲೆ ಕಬ್ಬಿಣದ ಮೊಳೆಗಳ ಸಾಲು. ಹೆಸರಾಂತ ತಲೆಗಳಲ್ಲಿ ಕೆಲವು ಲಾಗೋಸ್‌ನಲ್ಲಿವೆ, ಒಂದು ಲಂಡನ್‌ನಲ್ಲಿದೆ, ಕೆಲವು ಪ್ರದರ್ಶನಕ್ಕೆ ಹೋಗಿರುತ್ತವೆ. ಎಲ್ಲವೂ ಇಲ್ಲೇ ಸಿಗುತ್ತವೆ ಎಂದುಕೊಂಡು ಬಂದರೆ ನಿರಾಸೆ. ಸಂಜೆ ಒಬಾಫೆಮಿ ಅವೊಲೊವೊ ವಿಶ್ವವಿದ್ಯಾಲಯದ ಆವರಣ ಸುತ್ತಿ, ಕಟ್ಟಡಗಳ ವಿನ್ಯಾಸಕ್ಕಾಗಿಯೇ ನೋಡಬೇಕಾದ ಜಾಗ.

ಅರಮನೆಯಲ್ಲಿ ನಿಮ್ಮನ್ನು ನಡೆಸುವವರು ಎಮೆಸೆ, ರಾಜರ ಪರಿಚಾರಕರು. ಟೋಪಿ ತೆಗೆಯಿರಿ. ರಾಜರು ಎದುರಾದರೆ ಕೈಕುಲುಕಲು ಕೈ ಚಾಚಬೇಡಿ, ಮಂಡಿಯೂರಿ ಅಥವಾ ಬಾಗಿ ನಮಸ್ಕರಿಸಿದರೆ ಸಾಕು.

8. ಎರಿನ್ ಇಜೆಶಾ ಮತ್ತು ಇದಾನ್ರೆ

ಇಫೆಯಿಂದ ಇಲೆಶಾ ದಾಟಿ ಅಕುರೆ ಕಡೆಗೆ ಹೋಗುವ ದಾರಿಯಲ್ಲಿ ಎರಿನ್ ಇಜೆಶಾ ಜಲಪಾತ, ಏಳು ಹಂತ. ಮೊದಲ ಹಂತಕ್ಕೆ ಯಾರಾದರೂ ಹೋಗಬಹುದು. ಎರಡನೆಯದರಿಂದ ಮೇಲೆ ಬೇರು ಹಿಡಿದು ಹತ್ತುವ ಜಾಗಗಳಿವೆ, ಮಕ್ಕಳೊಂದಿಗೆ ಬೇಡ.

ಇದಾನ್ರೆ ಅಕುರೆಯಿಂದ ಇಪ್ಪತ್ತು ಕಿ.ಮೀ. ಚಿಲ್ಲರೆ. ಅಕುರೆಯಲ್ಲಿ ಉಳಿದು, ಬೆಳಗ್ಗೆ 7ಕ್ಕೆಲ್ಲ ಬುಡದಲ್ಲಿರಿ. 660ಕ್ಕೂ ಹೆಚ್ಚು ಮೆಟ್ಟಿಲು, ನಡುವೆ ಕೂರಲು ತಂಗುಗಳಿವೆ. ಮೆಟ್ಟಿಲು ಮುಗಿದದ್ದಕ್ಕೆ ಬೆಟ್ಟ ಮುಗಿಯಿತು ಎಂದುಕೊಂಡು ಹಿಂತಿರುಗುವವರಿದ್ದಾರೆ. ಅಸಲಿ ನೋಟ ಇರುವುದೇ ಆಚೆ: ಬೋಳು ಬಂಡೆಗಳ ನಡುವಿನ ಹಳೆಯ ಊರು, ಹಳೆಯ ಅರಮನೆ, ನ್ಯಾಯಾಲಯ, ಶಾಲೆಯ ಅವಶೇಷ. ಕಳೆದ ಶತಮಾನದ ಆರಂಭದವರೆಗೂ ಜನ ಮೇಲೆಯೇ ವಾಸಿಸುತ್ತಿದ್ದರು. ಹತ್ತಿ ಸುತ್ತಿ ಇಳಿಯಲು ನಾಲ್ಕೈದು ಗಂಟೆ, ತಲೆಗೆ ಎರಡು ಲೀಟರ್ ನೀರು. ಮೇಲೆ ನೆರಳೂ ಇಲ್ಲ, ಅಂಗಡಿಯೂ ಇಲ್ಲ.

ಅಕುರೆಯಿಂದ ಲಾಗೋಸ್‌ಗೆ ರಸ್ತೆ 300 ಕಿ.ಮೀ. ಹತ್ತಿರ. ವಿಮಾನ ಸಿಕ್ಕರೆ ಯೋಚಿಸದೆ ಹತ್ತಿ.

9. ಊಟ, ಮುಖ್ಯವಾಗಿ ಸಸ್ಯಾಹಾರಿಗಳಿಗೆ

ಅಮಲಾ ಎಂದರೆ ಒಣಗಿಸಿದ ಯಾಮ್ ಗೆಡ್ಡೆಯ ಹಿಟ್ಟಿನ ಕಂದು ಮುದ್ದೆ. ರಾಗಿಮುದ್ದೆ ನುಂಗಿ ಗೊತ್ತಿರುವವರಿಗೆ ಬಲಗೈ ತಾನಾಗಿಯೇ ಕೆಲಸ ಮಾಡುತ್ತದೆ. ಜೊತೆಗೆ ಎವೆಡು ಎಂಬ ಲೋಳೆ ಸೊಪ್ಪಿನ ಸಾರು ಮತ್ತು ಗ್ಬೆಗಿರಿ ಎಂಬ ಕಾಳಿನ ಸಾರು. ಇವೆರಡೂ ಸೊಪ್ಪು, ಕಾಳಿನವೇ ಎಂದು ಸಸ್ಯಾಹಾರಿಗಳು ಮೋಸಹೋಗುತ್ತಾರೆ. ಒಣ ಸೀಗಡಿ ಪುಡಿ, ಒಣಮೀನು, ಮಾಂಸದ ರಸ ಅದರಲ್ಲಿ ಕರಗಿರುತ್ತದೆ. "ಮಾಂಸ ಬೇಡ" ಎಂದರೆ ತುಂಡು ತೆಗೆದು ಸಾರು ಕೊಡುತ್ತಾರೆ. ಹಾಗಾಗಿ ಮಾಂಸವಿಲ್ಲ, ಮೀನಿಲ್ಲ, ಸೀಗಡಿ ಪುಡಿಯಿಲ್ಲ ಎಂದು ಮೂರನ್ನೂ ಬಿಡಿಸಿ ಹೇಳಿ.

ಹೆಚ್ಚು ನಂಬಬಹುದಾದವು: ಅಕಾರಾ, ಅಂದರೆ ಅಲಸಂದೆ ಕಾಳು ನೆನೆಸಿ ಸಿಪ್ಪೆ ತೆಗೆದು ರುಬ್ಬಿ, ಈರುಳ್ಳಿ ಮೆಣಸಿನಕಾಯಿ ಹಾಕಿ ಕರಿದದ್ದು, ಬೆಳಗ್ಗೆ ಬೀದಿಯಲ್ಲಿ ಬಿಸಿಬಿಸಿ ಸಿಗುತ್ತದೆ. ದೊಡೊ, ಹಣ್ಣಾದ ಬಾಳೆಯ ಕರಿದ ಹೋಳು. ಹುರಿದ ಯಾಮ್. ಅದೇ ಅಲಸಂದೆಯನ್ನು ಹಬೆಯಲ್ಲಿ ಬೇಯಿಸಿದ ಮೊಯಿನ್ ಮೊಯಿನ್‌ನಲ್ಲಿ ಮಾತ್ರ ಮೊಟ್ಟೆ, ಮೀನು ಅಡಗಿರಬಹುದು. ಖಾರ ಬಹಳ. ಸಂದೇಹವಿದ್ದರೆ ಸಾಸ್ ಬೇರೆಯಾಗಿ ಕೇಳಿ. ಕುಡಿಯಲು ಮುಚ್ಚಳ ಸೀಲಾದ ಬಾಟಲಿ ನೀರು ಮಾತ್ರ.

10. ನಡೆನುಡಿ ಮತ್ತು ಕೆಲವು ಕಟ್ಟಪ್ಪಣೆಗಳು

ಮಾತಿಗೆ ಮುನ್ನ ವಂದನೆ. ಬೆಳಗ್ಗೆ "ಎ ಕಾರೊ", ಮಧ್ಯಾಹ್ನ "ಎ ಕಾಸನ್", ಧನ್ಯವಾದಕ್ಕೆ "ಎ ಶೆ". ಮುಂದಿನ "ಎ" ಗೌರವಸೂಚಕ, ಹಿರಿಯರ ಬಳಿ ಅದನ್ನು ಬಿಟ್ಟರೆ ಏಕವಚನವಾಗುತ್ತದೆ. ವಂದಿಸದೆ ನೇರ ದಾರಿ ಕೇಳಿದರೆ ಉತ್ತರವೂ ಮೊಟಕಾಗಿಯೇ ಬರುತ್ತದೆ. ಎಡಗೈಯಲ್ಲಿ ಹಣ ಕೊಡಬೇಡಿ, ಈ ವಿಷಯದಲ್ಲಿ ನಮಗೆ ಪಾಠ ಬೇಕಿಲ್ಲ.

ಹೆಂಗಸರು ಗಮನಿಸಬೇಕಾದ್ದು ಒರೊ. ಕೆಲವು ಊರುಗಳಲ್ಲಿ ಈ ಆಚರಣೆಯ ಹೊತ್ತಿನಲ್ಲಿ ಹೆಂಗಸರು ಮನೆಯಿಂದ ಹೊರಬರಕೂಡದು. ಹೊರಗಿನವರಿಗೂ ವಿನಾಯಿತಿ ಇಲ್ಲ. ಊರು ತಲುಪಿದ ಕೂಡಲೇ ವಸತಿಗೃಹದವರನ್ನು ಕೇಳಿ. ಎಗುಂಗುನ್, ಪಿತೃಗಳ ಮುಖವಾಡಧಾರಿಗಳು, ಬೀದಿಗೆ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡಿ. ಮುಟ್ಟಬೇಡಿ, ಜೊತೆಗಾರರ ಕೈಯಲ್ಲಿ ಬೆತ್ತವಿರುತ್ತದೆ.

ಸೈನಿಕರು, ಪೊಲೀಸರು, ತಪಾಸಣೆ ಕಟ್ಟೆ, ವಿಮಾನ ನಿಲ್ದಾಣದ ಫೋಟೊ ತೆಗೆಯಬೇಡಿ. ಡ್ರೋನ್ ಒಯ್ಯಬೇಡಿ, ಪೂರ್ವಾನುಮತಿ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.

11. ಕೊಳ್ಳುವುದು, ಮರಳುವುದು

ಹಳೆಯದರಂತೆ ಕಾಣುವ ಮರದ ಕೆತ್ತನೆ, ಎರಕದ ತಲೆ ಕೊಂಡರೆ ಪ್ರಾಚ್ಯವಸ್ತುವಲ್ಲ ಎಂಬ ಪತ್ರವನ್ನು ರಾಷ್ಟ್ರೀಯ ವಸ್ತುಸಂಗ್ರಹಾಲಯ ಮತ್ತು ಸ್ಮಾರಕಗಳ ಆಯೋಗದಿಂದ ಪಡೆಯಬೇಕು. ಲಾಗೋಸ್‌ನ ವಸ್ತುಸಂಗ್ರಹಾಲಯದಲ್ಲೇ ವಿಚಾರಿಸಿ. ಅಂಗಡಿಯ ರಸೀದಿ ಸಾಲದು, ನಿನ್ನೆ ಮಾಡಿದ ವಸ್ತುವಾದರೂ ಸುಂಕದವರು ತಡೆಯುತ್ತಾರೆ. ಇದಕ್ಕೆ ಕೊನೆಯ ದಿನ ಇಟ್ಟುಕೊಳ್ಳಬೇಡಿ, ವಾರದ ನಡುವಿನ ಒಂದು ಬೆಳಗ್ಗೆ ಬಿಡಿ.

ಹಳದಿ ಜ್ವರದ ಪ್ರಮಾಣಪತ್ರ ಕೈಚೀಲದಲ್ಲಿರಲಿ, ಸಾಮಾನಿನ ಪೆಟ್ಟಿಗೆಯಲ್ಲಲ್ಲ. ಮರಳಿದ ಮೂರು ತಿಂಗಳೊಳಗೆ ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ, ಪಶ್ಚಿಮ ಆಫ್ರಿಕಾಕ್ಕೆ ಹೋಗಿದ್ದೆ ಎಂದು ಮೊದಲ ಮಾತಿನಲ್ಲೇ ಹೇಳಿ, ಮಲೇರಿಯಾ ರಕ್ತಪರೀಕ್ಷೆ ಅದೇ ದಿನ ಮಾಡಿಸಿ. ಅಲ್ಲಿಯದು ಹೆಚ್ಚಾಗಿ ಫಾಲ್ಸಿಪಾರಂ ಎಂಬ ತೀವ್ರ ಬಗೆಯ ಮಲೇರಿಯಾ, ಎರಡು ದಿನ ತಡವಾದರೂ ತೊಂದರೆ ದೊಡ್ಡದಾಗುತ್ತದೆ.